ಅಂಗೈಯಗಲದ ಡಿಸ್ಕ್, ಕಣ್ಣಳತೆ ಮೀರಿದ ಮರುಭೂಮಿ!

ಅಗಲ 12 ಸೆಂಟಿಮೀಟರ್. ದಪ್ಪ 1.2 ಮಿಲಿಮೀಟರ್. ನಡುವೆ ಬೆರಳು ತೂರುವಷ್ಟು ತೂತು. 1982ರಲ್ಲಿ ಸೋನಿ ಮತ್ತು ಫಿಲಿಪ್ಸ್ ಕಂಪನಿಗಳು ಲೋಕಕ್ಕೆ ಕೊಟ್ಟ ಹಾಡಿನ ಸಿ.ಡಿ.ಯ ಅಳತೆ ಇದು. ಇವತ್ತು ಒಬ್ಬ ಸಾಮಾನ್ಯ ಪ್ರೇಕ್ಷಕ ಮನೆಗೆ ತರಬಹುದಾದ ಅತ್ಯುತ್ತಮ ಸಿನಿಮಾ ಪ್ರತಿ ಎಂದರೆ 4ಕೆ ಅಲ್ಟ್ರಾ ಎಚ್‌ಡಿ ಬ್ಲೂ-ರೇ. ಅದರ ಅಳತೆಯೂ ಚೂರೂ ಬದಲಾಗದೆ ಇದೇ! ಎರಡನ್ನೂ ಮೇಜಿನ ಮೇಲೆ ಮಗುಚಿಟ್ಟರೆ ಯಾವುದು ಯಾವುದೆಂದು ಹೇಳಲು ತಿಣುಕಬೇಕು. ಆದರೆ ಮೊದಲನೆಯದರ ಹೊಟ್ಟೆಯಲ್ಲಿ ಸುಮಾರು 700 ಮೆಗಾಬೈಟ್. ಎರಡನೆಯದರಲ್ಲಿ 100 ಗಿಗಾಬೈಟ್‌ವರೆಗೆ. ನೂರನಲವತ್ತು ಪಟ್ಟು!

ಹೊಸ ಟಿವಿಗೆ ಒಂದು ಒಳ್ಳೆಯ ಪ್ಲೇಯರ್ ಹುಡುಕೋಣವೆಂದು ಹೊರಟವನು ನಾನು. ಯಾವ ಮಾದರಿ, ಎಷ್ಟು ಬೆಲೆ, ಯಾವ ಕೇಬಲ್ ಎಂಬಷ್ಟೇ ನನ್ನ ಪ್ರಶ್ನೆ. ಆದರೆ ಆ ಪೆಟ್ಟಿಗೆಯೊಳಗೆ ಏನು ನಡೆಯುತ್ತದೆಂದು ಓದುತ್ತ ಹೋದಂತೆ ಬೆಲೆಯ ವಿಚಾರವೇ ಮರೆತುಹೋಯಿತು.

ಡಿಸ್ಕಿನ ಒಳಮೈಯಲ್ಲಿ ನಡುವಿನಿಂದ ಅಂಚಿನ ಕಡೆಗೆ ಸುತ್ತುತ್ತ ಹೋಗುವುದು ಒಂದೇ ಒಂದು ಗೆರೆ. ಆ ಗೆರೆಯ ಉದ್ದಕ್ಕೂ ಸಣ್ಣ ಸಣ್ಣ ಗುಳಿಗಳು. ಚಿತ್ರ, ಮಾತು, ಹಾಡು, ಉಪಶೀರ್ಷಿಕೆ ಎಲ್ಲವೂ ಆ ಗುಳಿಗಳಲ್ಲೇ. ಸಿ.ಡಿ.ಯಲ್ಲಿ ಸುರುಳಿಯ ಒಂದು ಸುತ್ತಿಗೂ ಮುಂದಿನದಕ್ಕೂ 1.6 ಮೈಕ್ರಾನ್ ಅಂತರ, ಡಿ.ವಿ.ಡಿ.ಯಲ್ಲಿ 0.74, ಬ್ಲೂ-ರೇಯಲ್ಲಿ ಬರೀ 0.32. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಪೆನ್ನು ಕಾಗದ ಹಿಡಿದು ಲೆಕ್ಕ ಹಾಕಿದೆ. ಬ್ಲೂ-ರೇಯ ಒಂದು ಪದರದ ಸುರುಳಿಯನ್ನು ಬಿಚ್ಚಿ ನೆಟ್ಟಗೆ ಎಳೆದರೆ ಸುಮಾರು 27 ಕಿಲೋಮೀಟರ್! 100 ಗಿಗಾಬೈಟಿನ 4ಕೆ ಡಿಸ್ಕಿನಲ್ಲಿ ಇಂಥವು ಮೂರು ಪದರ, ಒಂದರ ಮೇಲೊಂದು. ಒಟ್ಟು 82 ಕಿಲೋಮೀಟರ್! ಬೆಂಗಳೂರಿನಲ್ಲಿ ಗೆರೆ ಎಳೆಯಲು ಶುರುಮಾಡಿದರೆ ತುಮಕೂರು ದಾಟಿದರೂ ಮುಗಿಯುವುದಿಲ್ಲ. ಅಷ್ಟು ದಾರಿ ಅಂಗೈಯೊಳಗೆ ಕೂತಿದೆ.

ಮೂರು ಪದರಗಳೂ ಡಿಸ್ಕಿನ ಮೇಲ್ಮೈಯಿಂದ 0.1 ಮಿಲಿಮೀಟರಿನ ಒಳಗೇ ಇವೆ. ಪ್ಲೇಯರಿನ ಮಸೂರ ಕಣ್ಣಿಗೆ ಕಾಣದಷ್ಟು ಮೇಲಕ್ಕೂ ಕೆಳಕ್ಕೂ ಸರಿಯುತ್ತ, ಬೇಕಾದ ಪದರವನ್ನಷ್ಟೇ ಓದಿ ಉಳಿದೆರಡನ್ನು ದಾಟಿಹೋಗುತ್ತದೆ. ಅದೂ ಡಿಸ್ಕ್ ಗಿರಗಿರನೆ ತಿರುಗುತ್ತಿರುವಾಗ!

ನೀಲಿ ಬೆಳಕಿನ ಕಥೆ

ಇಷ್ಟು ಸಣ್ಣ ಗುಳಿಯನ್ನು ಓದಲು ಅಷ್ಟೇ ಸಣ್ಣ ಬೆಳಕಿನ ಮೊನೆ ಬೇಕಲ್ಲ! ಸಿ.ಡಿ.ಯನ್ನು ಓದುವುದು 780 ನ್ಯಾನೊಮೀಟರ್ ತರಂಗಾಂತರದ ಅವಕೆಂಪು ಲೇಸರ್. ಡಿ.ವಿ.ಡಿ.ಗೆ 650 ನ್ಯಾನೊಮೀಟರಿನ ಕೆಂಪು. ಇನ್ನೂ ಸಣ್ಣ ಮೊನೆ ಬೇಕಾದರೆ ನೀಲಿಯ ಕಡೆಗೆ ಹೋಗಲೇಬೇಕು. ಆದರೆ ನೀಲಿ ಬೆಳಕು ಕೊಡುವ ಅರೆವಾಹಕ ದಶಕಗಳ ಕಾಲ ಯಾರ ಕೈಗೂ ಸರಿಯಾಗಿ ಸಿಗಲಿಲ್ಲ. ಗ್ಯಾಲಿಯಂ ನೈಟ್ರೈಡ್ ಎಂಬ ವಸ್ತುವಿನಿಂದ ಸಾಧ್ಯವೆಂದು ನಂಬಿದವರು ಕೆಲವೇ ಕೆಲವರು. ಜಪಾನಿನ ಇಸಾಮು ಅಕಾಸಾಕಿ, ಹಿರೋಶಿ ಅಮಾನೊ ಪಟ್ಟು ಬಿಡದೆ ಅದರ ಹಿಂದೆ ಬಿದ್ದರು. ಶಿಕೊಕು ದ್ವೀಪದ ನಿಚಿಯಾ ಎಂಬ ಕಂಪನಿಯಲ್ಲಿದ್ದ ಶುಜಿ ನಾಕಾಮುರಾ 1993ರಲ್ಲಿ ಪ್ರಖರ ನೀಲಿ ಎಲ್‌ಇಡಿಯನ್ನೇ ಬೆಳಗಿಸಿ ತೋರಿಸಿದರು. ಕೆಲವೇ ವರ್ಷಗಳಲ್ಲಿ ಅದೇ ವಸ್ತುವಿನಿಂದ ನೇರಳೆ-ನೀಲಿ ಲೇಸರ್ ಕೂಡ ಹೊಮ್ಮಿತು. ನೀಲಿ ಎಲ್‌ಇಡಿಗಾಗಿ 2014ರಲ್ಲಿ ಮೂವರಿಗೂ ಭೌತವಿಜ್ಞಾನದ ನೊಬೆಲ್!

ಆ ಲೇಸರಿನ ತರಂಗಾಂತರ 405 ನ್ಯಾನೊಮೀಟರ್. ಬೆಳಕನ್ನು ಇನ್ನಷ್ಟು ಬಿಗಿಯಾಗಿ ಒಂದೆಡೆ ಸೇರಿಸುವ ಹೊಸ ಮಸೂರವೂ ಜೊತೆಗೆ ಬಂತು. ಎರಡರ ಲಾಭ ಸೇರಿ ಬೆಳಕಿನ ಚುಕ್ಕೆಯ ವಿಸ್ತಾರ ಡಿ.ವಿ.ಡಿ.ಯದಕ್ಕಿಂತ ಐದು ಪಟ್ಟು ಕಡಿಮೆಯಾಯಿತು. ಡಿ.ವಿ.ಡಿ.ಯ ಒಂದು ಪದರ 4.7 ಗಿಗಾಬೈಟ್; ಸಾಮಾನ್ಯ ಬ್ಲೂ-ರೇಯ ಒಂದು ಪದರ 25. ಇದೂ ಸರಿಸುಮಾರು ಐದು ಪಟ್ಟು! ಭೌತವಿಜ್ಞಾನದ ಸೂತ್ರ ಹೀಗೆ ಅಂಗಡಿಯ ಡಬ್ಬದ ಮೇಲಿನ ಅಂಕಿಯಾಗಿ ನಿಂತದ್ದನ್ನು ನೋಡಿದಾಗ ಮೈ ಜುಮ್ಮೆಂದಿತು.

ಗೀರು ಬಿದ್ದರೆ? ಅದಕ್ಕೂ ಉತ್ತರವಿದೆ. ಡಿಸ್ಕಿನ ಮೇಲೆ ಗಟ್ಟಿ ಲೇಪನವಿರುತ್ತದೆ. ಅದನ್ನೂ ಮೀರಿ ಕೆಲವು ಗುಳಿ ಅಳಿಸಿಹೋದರೆ, ಕಳೆದುಹೋದ ಅಂಕಿಗಳನ್ನು ಉಳಿದವುಗಳಿಂದಲೇ ಲೆಕ್ಕ ಹಾಕಿ ಮರಳಿ ಹುಟ್ಟಿಸುವ ಗಣಿತವಿದೆ. 1960ರಲ್ಲಿ ಇರ್ವಿಂಗ್ ರೀಡ್ ಮತ್ತು ಗುಸ್ತಾವ್ ಸಾಲೊಮನ್ ಎಂಬ ಇಬ್ಬರು ಕಂಡುಹಿಡಿದದ್ದು. ಯುರೇನಸ್, ನೆಪ್ಚೂನ್ ಗ್ರಹಗಳ ಚಿತ್ರಗಳನ್ನು ವಾಯೇಜರ್ 2 ಭೂಮಿಗೆ ಕಳಿಸಿದ್ದೂ ಇದೇ ಗಣಿತದ ನೆರವಿನಿಂದ. ಅಲ್ಲಿಂದ ಚಿತ್ರ ತಂದ ವಿದ್ಯೆ ಈಗ ನಮ್ಮ ಟಿವಿ ಸ್ಟ್ಯಾಂಡಿನ ಕೆಳಗೆ ದುಡಿಯುತ್ತಿದೆ!

ಸ್ಟ್ರೀಮಿಂಗ್ ಇರುವಾಗ ಡಿಸ್ಕ್ ಏಕೆ?

ಎಲ್ಲರೂ ಕೇಳುವ ಪ್ರಶ್ನೆ ಇದು. ಉತ್ತರ ಬಾಯಿಮಾತಿನಲ್ಲಿಲ್ಲ, ಅಂಕಿಯಲ್ಲಿದೆ. 4ಕೆ ಚಿತ್ರವೆಂದರೆ ಅಡ್ಡಕ್ಕೆ 3840, ಉದ್ದಕ್ಕೆ 2160 ಚುಕ್ಕೆ. ಒಟ್ಟು 82 ಲಕ್ಷಕ್ಕೂ ಹೆಚ್ಚು. ಅಂಥ ಚೌಕಟ್ಟುಗಳು ಸೆಕೆಂಡಿಗೆ 24. ಎರಡು ಗಂಟೆಯ ಸಿನಿಮಾವನ್ನು ಕುಗ್ಗಿಸದೆ ಹಾಗೇ ಇಡುವುದಾದರೆ ಸುಮಾರು 2.7 ಟೆರಾಬೈಟ್ ಜಾಗ ಬೇಕು. ಎಚ್‌ಇವಿಸಿ ಎಂಬ ಸಂಕೋಚನ ವಿಧಾನ ಅದನ್ನು ಡಿಸ್ಕಿನಲ್ಲಿ ಅರವತ್ತೋ ಎಪ್ಪತ್ತೋ ಗಿಗಾಬೈಟಿಗೆ ಇಳಿಸುತ್ತದೆ: ಸುಮಾರು ನಲವತ್ತರಲ್ಲಿ ಒಂದು ಪಾಲು. ಸೆಕೆಂಡಿಗೆ 15 ಮೆಗಾಬಿಟ್ ವೇಗದಲ್ಲಿ ಮನೆಗೆ ಹರಿದುಬರುವ ಸ್ಟ್ರೀಮಿಂಗ್‌ನಲ್ಲಿ ಅದೇ ಸಿನಿಮಾ 13.5 ಗಿಗಾಬೈಟ್, ಅಂದರೆ ಇನ್ನೂರರಲ್ಲಿ ಒಂದು ಪಾಲು. ಡಿಸ್ಕಿನ ಮಿತಿ ಸೆಕೆಂಡಿಗೆ 128 ಮೆಗಾಬಿಟ್!

ಈ ವ್ಯತ್ಯಾಸ ಎಲ್ಲಿ ಕಾಣುತ್ತದೆ? ಹಗಲು ಬೆಳಕಿನಲ್ಲಿ ಇಬ್ಬರು ನಿಂತು ಮಾತಾಡುವ ದೃಶ್ಯದಲ್ಲಿ ಅಷ್ಟಾಗಿ ಕಾಣದು. ಮಳೆ ಸುರಿಯಲಿ, ಹೊಗೆ ಏಳಲಿ, ಕತ್ತಲ ಕೋಣೆಯಲ್ಲಿ ಒಂದು ದೀಪ ಹೊತ್ತಲಿ, ಆಗ ನೋಡಿ. ಸ್ಟ್ರೀಮಿಂಗ್‌ನಲ್ಲಿ ಕತ್ತಲು ಚೌಕ ಚೌಕವಾಗಿ ಒಡೆಯುತ್ತದೆ, ಆಕಾಶದಲ್ಲಿ ಪಟ್ಟೆ ಮೂಡುತ್ತದೆ. ಡಿಸ್ಕಿನಲ್ಲಿ ಕತ್ತಲೊಳಗೂ ಗೋಡೆಯ ಗಾರೆ ಕಾಣುತ್ತದೆ.

ನನ್ನ ಬಾಯಿ ಕಟ್ಟಿಸಿದ್ದು ಡೇವಿಡ್ ಲೀನ್ ಅವರ ‘ಲಾರೆನ್ಸ್ ಆಫ್ ಅರೇಬಿಯಾ’. 1962ರ ಚಿತ್ರ. ಸೂಪರ್ ಪ್ಯಾನಾವಿಷನ್ 70 ವಿಧಾನದಲ್ಲಿ 65 ಮಿ.ಮೀ. ಅಗಲದ ನೆಗೆಟಿವ್ ಮೇಲೆ ಚಿತ್ರಿಸಿದ್ದು. ಆ ನೆಗೆಟಿವನ್ನು 8ಕೆ ಸೂಕ್ಷ್ಮತೆಯಲ್ಲಿ ಸ್ಕ್ಯಾನ್ ಮಾಡಿ, 4ಕೆಯಲ್ಲಿ ದುರಸ್ತಿ ಮಾಡಿ, 2020ರಲ್ಲಿ ಅಲ್ಟ್ರಾ ಎಚ್‌ಡಿ ಡಿಸ್ಕಿಗೆ ಇಳಿಸಿದರು. ಮೂರೂಮುಕ್ಕಾಲು ಗಂಟೆಯ ಚಿತ್ರ, ಎರಡು ಡಿಸ್ಕ್. ಬಾವಿಯ ದೃಶ್ಯ ಬರುತ್ತದೆ. ಬಿಸಿಲ್ಗುದುರೆ ನಡುಗುವ ಬಯಲು. ದೂರದಲ್ಲಿ ಒಂದು ಕಪ್ಪು ಚುಕ್ಕೆ. ಅದು ಚುಕ್ಕೆಯೋ, ಪರದೆಯ ಮೇಲಿನ ಧೂಳೋ? ಎದ್ದು ಹತ್ತಿರ ಹೋದೆ. ಚುಕ್ಕೆ ಅಲುಗಿತು. ಉದ್ದವಾಯಿತು. ನೀರಿನ ಮೇಲೆ ತೇಲಿದಂತೆ ಬಂತು. ಒಂಟೆಯಾಯಿತು, ಒಂಟೆಯ ಮೇಲೊಬ್ಬ ಸವಾರನಾದ. ಒಮರ್ ಷರೀಫ್! ಆ ಒಂದು ದೃಶ್ಯಕ್ಕಾಗಿ ಛಾಯಾಗ್ರಾಹಕ ಫ್ರೆಡ್ಡಿ ಯಂಗ್ ಭಾರೀ ಉದ್ದದ ಟೆಲಿಫೋಟೊ ಮಸೂರ ತರಿಸಿಕೊಂಡಿದ್ದರು. ಅವರು ಕಂಡ ಚುಕ್ಕೆ ಆರು ದಶಕ ಕಳೆದು, ನಮ್ಮ ಮನೆಯ ಸಣ್ಣ ಹಾಲ್‌ನ ಗೋಡೆಯ ಮೇಲೆ, ಅಳಿಯದೆ ಬಂದು ನಿಂತಿತು.

ಮೈ ನವಿರೇಳಿಸಿದ್ದು ಬರೀ ಸೂಕ್ಷ್ಮತೆಯಲ್ಲ, ಬೆಳಕು ಕೂಡ. ಹಳೆಯ ಡಿ.ವಿ.ಡಿ., ಬ್ಲೂ-ರೇಗಳ ಚಿತ್ರವನ್ನು 100 ನಿಟ್ಸ್ ಹೊಳಪಿಗೆ ಹೊಂದಿಸಿ ತಯಾರಿಸುತ್ತಿದ್ದರು. ಎಚ್‌ಡಿಆರ್ ಎಂಬ ಹೊಸ ಕ್ರಮದಲ್ಲಿ 1000, ಕೆಲವೊಮ್ಮೆ 4000 ನಿಟ್ಸ್! ಬಣ್ಣದ ಮೆಟ್ಟಿಲುಗಳೂ ಹೆಚ್ಚಿದವು. ಮೊದಲು ಕೆಂಪು, ಹಸಿರು, ನೀಲಿ ಒಂದೊಂದಕ್ಕೂ 256, ಈಗ 1024. ಗುಣಿಸಿದರೆ 1.67 ಕೋಟಿ ಬಣ್ಣ ಇದ್ದದ್ದು 107 ಕೋಟಿಯಾಯಿತು. ಮರಳಿನ ಒಂದೇ ಹಳದಿಯೊಳಗೆ ಅದೆಷ್ಟು ಹಳದಿ!

ಯಾವ ಪ್ಲೇಯರ್ ತರಬೇಕು?

ಮೊದಲ ಎಚ್ಚರಿಕೆ, ಬಹಳ ಮುಖ್ಯವಾದದ್ದು: ಡಬ್ಬದ ಮೇಲೆ ‘4ಕೆ ಅಪ್‌ಸ್ಕೇಲಿಂಗ್’ ಎಂದಿದ್ದರೆ ಅದು 4ಕೆ ಡಿಸ್ಕ್ ಓದುವ ಯಂತ್ರವಲ್ಲ! ಸಾಮಾನ್ಯ ಬ್ಲೂ-ರೇ ಚಿತ್ರವನ್ನು ಹಿಗ್ಗಿಸಿ ತೋರಿಸುತ್ತದೆ, ಅಷ್ಟೇ. ‘ಅಲ್ಟ್ರಾ ಎಚ್‌ಡಿ ಬ್ಲೂ-ರೇ’ ಎಂಬ ಮುದ್ರೆಯೇ ಇರಬೇಕು.

ಎರಡನೆಯದು, ಟಿವಿ ನೋಡಿ ಪ್ಲೇಯರ್ ಆರಿಸಿ. ಎಚ್‌ಡಿಆರ್‌ನಲ್ಲಿ ಮುಖ್ಯವಾಗಿ ಮೂರು ಬಗೆ. ಎಚ್‌ಡಿಆರ್10 ಎಲ್ಲ ಕಡೆ ಇರುವ ಮೂಲ ಬಗೆ. ಡಾಲ್ಬಿ ವಿಷನ್ ಮತ್ತು ಎಚ್‌ಡಿಆರ್10 ಪ್ಲಸ್ ದೃಶ್ಯದಿಂದ ದೃಶ್ಯಕ್ಕೆ ಹೊಳಪನ್ನು ಹೊಂದಿಸಿ ಹೇಳುವ ಜಾಣ ಬಗೆಗಳು. ಸ್ಯಾಮ್‌ಸಂಗ್ ಟಿವಿಗಳಲ್ಲಿ ಡಾಲ್ಬಿ ವಿಷನ್ ಇಲ್ಲ, ಎಚ್‌ಡಿಆರ್10 ಪ್ಲಸ್ ಇದೆ. ಪ್ಯಾನಸಾನಿಕ್‌ನ ಡಿಪಿ-ಯುಬಿ820 ಎರಡನ್ನೂ ಬಲ್ಲದು. ಅದಕ್ಕಿಂತ ಅಗ್ಗದ ಯುಬಿ420ಯಲ್ಲಿ ಎಚ್‌ಡಿಆರ್10 ಪ್ಲಸ್ ಉಂಟು, ಡಾಲ್ಬಿ ವಿಷನ್ ಇಲ್ಲ. ಸೋನಿಯ ಯುಬಿಪಿ-ಎಕ್ಸ್700ನಲ್ಲಿ ಡಾಲ್ಬಿ ವಿಷನ್ ಉಂಟು, ಎಚ್‌ಡಿಆರ್10 ಪ್ಲಸ್ ಇಲ್ಲ. ಅದರಲ್ಲೂ ಡಾಲ್ಬಿ ವಿಷನ್ ಬೇಕಾದಾಗ ಮೆನುವಿನಲ್ಲಿ ನೀವೇ ಆನ್ ಮಾಡಬೇಕು, ಬೇಡವಾದಾಗ ನೀವೇ ಆಫ್ ಮಾಡಬೇಕು. ಯುಬಿ820ಯಲ್ಲಿ ಇನ್ನೊಂದು ಸೊಗಸಿದೆ. ನಿಮ್ಮ ಟಿವಿ ಎಷ್ಟು ಹೊಳೆಯಬಲ್ಲದು ಎಂದು ಒಮ್ಮೆ ತಿಳಿಸಿಟ್ಟರೆ, ಟಿವಿಯ ಶಕ್ತಿ ಮೀರಿದ ಹೊಳಪನ್ನು ಪ್ಲೇಯರೇ ತಿದ್ದಿ ಕಳಿಸುತ್ತದೆ. ಪ್ರೊಜೆಕ್ಟರ್ ಇಟ್ಟುಕೊಂಡವರಿಗೆ ಇದು ವರ.

ಮನೆಯಲ್ಲಿ ಮಕ್ಕಳು ಆಟವಾಡುವ ಪ್ಲೇಸ್ಟೇಷನ್ 5 ಇದೆಯೇ? ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಇದೆಯೇ? ಡಿಸ್ಕ್ ತೂರಿಸುವ ಸೀಳು ಇದ್ದರೆ ನಿಮ್ಮಲ್ಲಿ ಆಗಲೇ 4ಕೆ ಪ್ಲೇಯರ್ ಇದೆ ಎಂದೇ ಅರ್ಥ! ಡಿಸ್ಕಿನಿಂದ ಡಾಲ್ಬಿ ವಿಷನ್ ಬಾರದು; ಪ್ಲೇಸ್ಟೇಷನ್ 5 ಹಾಡಿನ ಸಿ.ಡಿ.ಯನ್ನೂ ನುಡಿಸದು. ಆದರೆ ಮೊದಲ ಬೆರಗಿಗೆ ಇಷ್ಟು ಧಾರಾಳ ಸಾಕು.

ಮೂರನೆಯದು ನಮ್ಮ ದೇಶದವರು ನೆನಪಿಡಬೇಕಾದ ಮಾತು. ಡಿ.ವಿ.ಡಿ., ಬ್ಲೂ-ರೇಗಳಿಗೆ ಪ್ರದೇಶದ ಬೀಗವಿದೆ. ಡಿ.ವಿ.ಡಿ.ಯಲ್ಲಿ ಭಾರತ 5ನೆಯ ಪ್ರದೇಶ, ಬ್ಲೂ-ರೇಯಲ್ಲಿ ‘ಸಿ’. ಅಮೆರಿಕದಿಂದ ಮಗನೋ ತಂಗಿಯೋ ತಂದ ಪ್ಲೇಯರ್ ಇಲ್ಲಿನ ಬೀಗ ಹಾಕಿದ ಡಿಸ್ಕುಗಳನ್ನು ಓದುವುದಿಲ್ಲ. ಆದರೆ 4ಕೆ ಅಲ್ಟ್ರಾ ಎಚ್‌ಡಿ ಡಿಸ್ಕಿಗೆ ಬೀಗವೇ ಇಲ್ಲ! ಲಂಡನ್ನಿನಲ್ಲಿ ಕೊಂಡರೂ ಟೋಕಿಯೋದಲ್ಲಿ ಕೊಂಡರೂ ಹುಬ್ಬಳ್ಳಿಯಲ್ಲಿ ಓಡುತ್ತದೆ. ಹೊರದೇಶದ ಪ್ಲೇಯರ್ ತರಿಸುವಾಗ ಹಿಂಬದಿಯ ಚೀಟಿಯನ್ನು ಮಾತ್ರ ಮರೆಯದೆ ಓದಿ. 120 ವೋಲ್ಟ್ ಎಂದಷ್ಟೇ ಇದ್ದರೆ ನಮ್ಮ 230 ವೋಲ್ಟಿನ ಪ್ಲಗ್ಗಿಗೆ ನೇರವಾಗಿ ಸಿಕ್ಕಿಸಿದ ಕ್ಷಣವೇ ಅದರ ಕಥೆ ಮುಗಿಯುತ್ತದೆ. 100–240 ವೋಲ್ಟ್ ಎಂದಿದ್ದರೆ ಚಿಂತೆಯಿಲ್ಲ.

ಮತ್ತೊಂದು ಖುಷಿ: ಇದೇ ಯಂತ್ರದಲ್ಲಿ ಹಳೆಯ ಡಿ.ವಿ.ಡಿ.ಗಳೂ ಓಡುತ್ತವೆ. ಮೋಸರ್ ಬೇರ್ ಕಂಪನಿ 34 ರೂಪಾಯಿಗೆ ಡಿ.ವಿ.ಡಿ. ಮಾರುತ್ತಿದ್ದ ಕಾಲ ನೆನಪಿದೆಯೇ? ಆ ರಾಶಿ ಇನ್ನೂ ಅಟ್ಟದ ಮೇಲಿದ್ದರೆ ಕೆಳಗಿಳಿಸಿ.

ತಂತಿ ಜೋಡಿಸುವ ಹೊತ್ತು

ಜೋಡಣೆ ಎಂದರೆ ಒಂದು ಎಚ್‌ಡಿಎಂಐ ಕೇಬಲ್. ಸೆಕೆಂಡಿಗೆ 18 ಗಿಗಾಬಿಟ್ ಸಾಗಿಸಬಲ್ಲ ‘ಪ್ರೀಮಿಯಂ ಹೈ ಸ್ಪೀಡ್’ ಕೇಬಲ್ ಸಾಕು. ಚಿನ್ನದ ಲೇಪ, ಹತ್ತು ಸಾವಿರದ ಬೆಲೆ ಯಾವುದೂ ಬೇಡ. ಅಂಕಿಗಳು ಪೂರ್ತಿ ತಲುಪಿದವೆಂದರೆ ದುಬಾರಿ ಕೇಬಲಿನ ಚಿತ್ರವೂ ಅಗ್ಗದ ಕೇಬಲಿನ ಚಿತ್ರವೂ ಒಂದೇ!

ಈಗ ಎಷ್ಟೋ ಮನೆಗಳಲ್ಲಿ ಎಡವುವ ಜಾಗ. ಕೇಬಲ್ ಸಿಕ್ಕಿಸಿದ ಟಿವಿಯ ಆ ಎಚ್‌ಡಿಎಂಐ ಕಿಂಡಿಯನ್ನು ಪೂರ್ತಿ ತೆರೆಯಬೇಕು. ಸೋನಿ ಟಿವಿಯಲ್ಲಿ ಇದಕ್ಕೆ ‘ಎನ್‌ಹ್ಯಾನ್ಸ್ಡ್ ಫಾರ್ಮ್ಯಾಟ್’, ಸ್ಯಾಮ್‌ಸಂಗ್‌ನಲ್ಲಿ ‘ಇನ್‌ಪುಟ್ ಸಿಗ್ನಲ್ ಪ್ಲಸ್’, ಎಲ್‌ಜಿಯಲ್ಲಿ ‘ಡೀಪ್ ಕಲರ್’ ಎಂಬ ಹೆಸರು. ಇದನ್ನು ಆನ್ ಮಾಡದಿದ್ದರೆ ಎಚ್‌ಡಿಆರ್ ಬರುವುದೇ ಇಲ್ಲ. 107 ಕೋಟಿ ಬಣ್ಣ ಬಾಗಿಲ ಹೊರಗೇ ನಿಂತಿರುತ್ತವೆ!

ಪ್ಲೇಯರಿನ ಮೆನುವಿನಲ್ಲಿ ‘24ಪಿ’ ಔಟ್‌ಪುಟ್ ಆನ್ ಮಾಡಿ. ಸಿನಿಮಾ ಸೆಕೆಂಡಿಗೆ 24 ಚೌಕಟ್ಟು. ಟಿವಿಗೆ ಸೆಕೆಂಡಿಗೆ 60 ಕಳಿಸಿದರೆ ಒಂದು ಚೌಕಟ್ಟು ಮೂರು ಸಲ, ಮುಂದಿನದು ಎರಡು ಸಲ ಬರಬೇಕಾಗುತ್ತದೆ. ಕ್ಯಾಮೆರಾ ನಿಧಾನವಾಗಿ ತಿರುಗುವಾಗ ಚಿತ್ರ ಕುಂಟುವುದು ಇದರಿಂದಲೇ. 24ನ್ನೇ ಕಳಿಸಿದರೆ 120 ಹರ್ಟ್ಸ್‌ನ ಟಿವಿ ಪ್ರತಿ ಚೌಕಟ್ಟನ್ನೂ ಸರಿಯಾಗಿ ಐದು ಸಲ ತೋರಿಸುತ್ತದೆ. ಕುಂಟು ಮಾಯ!

ಧ್ವನಿಗೆ ಬನ್ನಿ. ಡಾಲ್ಬಿ ಟ್ರೂಎಚ್‌ಡಿ, ಡಿಟಿಎಸ್-ಎಚ್‌ಡಿ ಮಾಸ್ಟರ್ ಆಡಿಯೊ ಎಂಬ ನಷ್ಟವಿಲ್ಲದ ಧ್ವನಿ ಡಿಸ್ಕಿನಲ್ಲಿದೆ. ಸ್ಟುಡಿಯೋದಲ್ಲಿ ಮಿಶ್ರಣ ಮಾಡಿದ ಅಂಕಿ ಒಂದೂ ತಪ್ಪದೆ ನಿಮ್ಮ ಕಿವಿಗೆ! ಡಾಲ್ಬಿ ಆಟ್ಮೊಸ್ ಇದ್ದರೆ ಮಳೆ ತಲೆಯ ಮೇಲೇ ಸುರಿಯುತ್ತದೆ. ಅದು ಹಾಗೇ ಹೊರಬರಬೇಕಾದರೆ ಪ್ಲೇಯರಿನ ಆಡಿಯೊ ‘ಬಿಟ್‌ಸ್ಟ್ರೀಮ್’ನಲ್ಲಿರಬೇಕು, ‘ಸೆಕೆಂಡರಿ ಆಡಿಯೊ’ ಆಫ್ ಆಗಿರಬೇಕು. ಟಿವಿಯ ಮೂಲಕ ಸೌಂಡ್‌ಬಾರಿಗೆ ಧ್ವನಿ ಕಳಿಸುವವರು ಗಮನಿಸಿ: ಹಳೆಯ ‘ಎಆರ್‌ಸಿ’ ಕಿಂಡಿ ಟ್ರೂಎಚ್‌ಡಿಯನ್ನು ಹೊರಲಾರದು, ‘ಇಎಆರ್‌ಸಿ’ ಹೊರುತ್ತದೆ. ಟಿವಿಯಲ್ಲಿ ಅದಿಲ್ಲವೇ? ಎಕ್ಸ್700, ಯುಬಿ820 ಎರಡರಲ್ಲೂ ಎರಡೆರಡು ಎಚ್‌ಡಿಎಂಐ ಕಿಂಡಿಗಳಿವೆ. ಒಂದು ಚಿತ್ರಕ್ಕೆ ಟಿವಿಗೆ, ಇನ್ನೊಂದು ಧ್ವನಿಗೆ ನೇರ ಸೌಂಡ್‌ಬಾರಿಗೋ ಆಂಪ್ಲಿಫೈಯರಿಗೋ. ಮುಗಿಯಿತು.

ಟಿವಿಯ ‘ಜಾಣತನ’ ಆರಿಸಿ

ಅಂಗಡಿಯಲ್ಲಿ ಗಿರಾಕಿಯ ಕಣ್ಣು ಸೆಳೆಯಲೆಂದು ಟಿವಿಗಳನ್ನು ಅತಿಯಾದ ನೀಲಿ, ಅತಿಯಾದ ಚೂಪು, ಅತಿಯಾದ ನುಣುಪಿನಲ್ಲಿ ಇಟ್ಟಿರುತ್ತಾರೆ. ಇಲ್ಲದ ಚೌಕಟ್ಟುಗಳನ್ನು ನಡುನಡುವೆ ತಾನೇ ಹುಟ್ಟಿಸಿ ಚಲನೆಯನ್ನು ನುಣ್ಣಗೆ ಮಾಡುವ ಸೌಲಭ್ಯ ಅವುಗಳಲ್ಲಿ ಮುಖ್ಯ. ಎಲ್‌ಜಿಯಲ್ಲಿ ‘ಟ್ರೂಮೋಷನ್’, ಸೋನಿಯಲ್ಲಿ ‘ಮೋಷನ್‌ಫ್ಲೋ’. ಕ್ರಿಕೆಟ್‌ಗೆ ಸರಿ, ಸಿನಿಮಾವನ್ನು ಅದು ಧಾರಾವಾಹಿ ಮಾಡಿಬಿಡುತ್ತದೆ. 2018ರ ಡಿಸೆಂಬರಿನಲ್ಲಿ ನಟ ಟಾಮ್ ಕ್ರೂಸ್ ಮತ್ತು ನಿರ್ದೇಶಕ ಕ್ರಿಸ್ಟೋಫರ್ ಮೆಕ್ವಾರಿ ಇದನ್ನು ಆಫ್ ಮಾಡಿರೆಂದು ಬೇಡಿಕೊಂಡು ವಿಡಿಯೋ ಮಾಡಿದ್ದರು! ಮರುವರ್ಷವೇ ‘ಫಿಲ್ಮ್‌ಮೇಕರ್ ಮೋಡ್’ ಘೋಷಣೆಯಾಯಿತು. ಒಂದು ಗುಂಡಿ ಒತ್ತಿದರೆ ಈ ಕೃತಕ ನುಣುಪು, ಚೂಪು ಎಲ್ಲ ಆರಿಹೋಗಿ ನಿರ್ದೇಶಕ ಕಂಡ ಚಿತ್ರ ಉಳಿಯುತ್ತದೆ. ನಿಮ್ಮ ಟಿವಿಯಲ್ಲಿ ಅದಿಲ್ಲದಿದ್ದರೆ ‘ಸಿನಿಮಾ’ ಅಥವಾ ‘ಮೂವಿ’ ಮೋಡ್ ಹಿಡಿಯಿರಿ. ಮೊದಲೆರಡು ದಿನ ಚಿತ್ರ ಹಳದಿ ಎನ್ನಿಸಬಹುದು. ಕಣ್ಣು ಒಗ್ಗಲಿ, ಆಮೇಲೆ ಹಳೆಯ ನೀಲಿಗೆ ಮರಳಲು ನೀವೇ ಒಪ್ಪುವುದಿಲ್ಲ.

ಕೊನೆಗೊಂದು ಕಾಸಿಲ್ಲದ ಸುಧಾರಣೆ: ಕುರ್ಚಿ ಮುಂದಕ್ಕೆ ಎಳೆಯಿರಿ! ನಮ್ಮ ಹಾಲುಗಳಲ್ಲಿ ಸೋಫಾ ಹಿಂದಿನ ಗೋಡೆಗೆ ಆತು ಕೂತಿರುತ್ತದೆ. 55 ಇಂಚಿನ ಟಿವಿಯನ್ನು ಹತ್ತಡಿ ದೂರದಿಂದ ನೋಡಿದರೆ ಎಚ್‌ಡಿಗೂ 4ಕೆಗೂ ಸೂಕ್ಷ್ಮತೆಯಲ್ಲಿ ವ್ಯತ್ಯಾಸ ಕಾಣುವುದು ಕಷ್ಟ. ಬಣ್ಣ, ಹೊಳಪಷ್ಟೇ ಲಾಭ. ಐದೂವರೆ ಆರಡಿಗೆ ಬನ್ನಿ, ದೀಪ ಆರಿಸಿ. ಮರುಭೂಮಿ ನಿಮ್ಮ ಸುತ್ತ ಹರಡುತ್ತದೆ.

ಈಗ ತರದಿದ್ದರೆ?

ಇಷ್ಟೆಲ್ಲ ಬೆರಗಿನ ನಡುವೆ ಒಂದು ಕಹಿ ಸತ್ಯವಿದೆ. ಅಮೆರಿಕದ ಮಾರುಕಟ್ಟೆಗೆ ಮೊದಲ ಅಲ್ಟ್ರಾ ಎಚ್‌ಡಿ ಪ್ಲೇಯರ್ ಬಂದದ್ದು 2016ರಲ್ಲಿ, ಸ್ಯಾಮ್‌ಸಂಗ್‌ನಿಂದ. ರಸಿಕರು ತಲೆಯ ಮೇಲಿಟ್ಟುಕೊಂಡಿದ್ದ ಆಪ್ಪೊ ಡಿಜಿಟಲ್ 2018ರಲ್ಲೇ ಅಂಗಡಿ ಮುಚ್ಚಲು ಹೊರಟಿತು. 2019ರಲ್ಲಿ ಸ್ಯಾಮ್‌ಸಂಗ್ ಹಿಂದೆ ಸರಿಯಿತು, 2024ರ ಕೊನೆಗೆ ಎಲ್‌ಜಿ. ಪ್ಯಾನಸಾನಿಕ್, ಸೋನಿ, ಮ್ಯಾಗ್ನೆಟಾರ್‌ನಂಥ ಕೆಲವೇ ಹೆಸರು ಉಳಿದಿವೆ. ಆದರೆ ಡಿಸ್ಕ್ ಸತ್ತಿಲ್ಲ. 2023ರ ನವೆಂಬರಿನಲ್ಲಿ ‘ಓಪನ್‌ಹೈಮರ್’ನ 4ಕೆ ಡಿಸ್ಕ್ ಅಮೆರಿಕದಲ್ಲಿ ಬಿಡುಗಡೆಯಾದ ವಾರವೇ ಖಾಲಿಯಾಗಿ ಮತ್ತೆ ಅಚ್ಚು ಹಾಕಬೇಕಾಯಿತು. ಸ್ಟ್ರೀಮಿಂಗ್‌ನ ಪಟ್ಟಿಯಿಂದ ಸಿನಿಮಾ ರಾತ್ರೋರಾತ್ರಿ ಕಾಣೆಯಾಗಬಹುದು. ಕಪಾಟಿನ ಡಿಸ್ಕನ್ನು ಯಾರೂ ಹಿಂದಕ್ಕೆ ಪಡೆಯಲಾರರು.

ಕನ್ನಡಿಗರಿಗೆ ಇದು ದೂರದ ಮಾತಲ್ಲ. ಗಿರೀಶ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ವನ್ನು ಮಾರ್ಟಿನ್ ಸ್ಕಾರ್ಸೆಸಿ ಸ್ಥಾಪಿಸಿದ ಫಿಲ್ಮ್ ಫೌಂಡೇಷನ್‌ನ ವಿಶ್ವ ಸಿನಿಮಾ ಯೋಜನೆ ಮತ್ತು ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಷನ್ ಸೇರಿ ಪುನರುಜ್ಜೀವನಗೊಳಿಸಿದವು, 2024ರ ವೆನಿಸ್ ಚಿತ್ರೋತ್ಸವದಲ್ಲಿ ಅದರ ಪ್ರದರ್ಶನವಾಯಿತು. ಮಲೆನಾಡಿನ ಆ ಕಪ್ಪು-ಬಿಳುಪು ವೆನಿಸ್‌ಗೆ ಹೋಗಬಲ್ಲದಾದರೆ ನಮ್ಮ ಮನೆಗಳಿಗೂ ಬರಬಲ್ಲದು. ನಮ್ಮ ನಿರ್ಮಾಪಕರಲ್ಲಿ, ಚಲನಚಿತ್ರ ಅಕಾಡೆಮಿಯಲ್ಲಿ ಒಂದು ಮನವಿ: ಉಳಿದಿರುವ ನೆಗೆಟಿವ್‌ಗಳನ್ನು ಹುಡುಕಿಸಿ, ಸ್ಕ್ಯಾನ್ ಮಾಡಿಸಿ, ನಮ್ಮ ಒಳ್ಳೆಯ ಚಿತ್ರಗಳನ್ನು ಡಿಸ್ಕಿಗೆ ಇಳಿಸಿ. ಓದುಗರಲ್ಲಿ ಇನ್ನೊಂದು: ಆ ದಿನ ಬಂದಾಗ ಅವನ್ನು ಓದಲು ಮನೆಯಲ್ಲಿ ಯಂತ್ರವಿರಲಿ. ಪ್ಲೇಯರುಗಳು ಇನ್ನೂ ಸಿಗುತ್ತಿರುವಾಗಲೇ ಒಂದನ್ನು ತಂದುಬಿಡಿ!